ಪಿಲ್ಲ ಅಂದರೆ ಸಣ್ಣ ಮಕ್ಕಳಂತೆ

ಗೆಳೆಯರೇ, ನಿಮ್ಮಲ್ಲಿ ತೆಲುಗು ಬಲ್ಲವರಿದ್ದರೆ ಸ್ವಲ್ಪ ಹೇಳಿ, ನನಗೆ ಯಾರ ಮೇಲೂ ನಂಬಿಕೆ ಉಳಿದಿಲ್ಲ. ಶಹಾಪುರದ ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗ್‌ಗೆ ನಾಲ್ಕನೇ ತರಗತಿಯ ಮಕ್ಕಳು ಹೊಸ ತೆಲುಗು ಪಾಪ್ ಆಲ್ಬಮ್ಮಿನ ಹಾಡಿಗೇ ಕುಣಿಯುತ್ತೇವೆಂದು ಹಟ ಹಿಡಿದಿದ್ದಾರೆ. ಅದು ಮಕ್ಕಳಿಗೆ ತಕ್ಕದ್ದೋ ಅಲ್ಲವೋ ಎಂದು ನೋಡುವ ಕೆಲಸ ಇಂದು ನನಗೆ ಬಿತ್ತು. ತೆಲುಗು ಗಡಿಯ ಗುರುಮಠಕಲ್ ಕಡೆಯವರಾದ ನಮ್ಮ ವೆಂಕಟಪ್ಪ ಮಾಸ್ತರರನ್ನು ಕೂರಿಸಿ ಎಲ್ಲ ಹಾಡನ್ನೂ ಕೇಳಿಸಿದೆ. ಅವರ ಕಾಲು ತಾಳ ಹಾಕುತ್ತಿತ್ತು, ಕಣ್ಣು ಮಾತ್ರ ಫ್ಯಾನಿನ ಮೇಲಿತ್ತು.

“ಏನಂತಾನ್ರಿ ಸರ್ ಇದ್ರಾಗ?”

“ಬರೇ ‘ಪಿಲ್ಲಾ, ಪಿಲ್ಲಾ’ ಅಂತಾನ್ರಿ ಮೇಡಂ. ನಮ್ಮ ಕಡಿ ಪಿಲ್ಲಲು ಅಂದ್ರ ಸಣ್ಣ ಮಕ್ಕಳು.”

“ಮಕ್ಕಳನ್ನ ಕರಿಯಾಕ ಅಷ್ಟ್ಯಾಕ ಉಸಿರು ಬಿಡ್ತಾನ್ರಿ?”

“ಓಡಿ ಬಂದಿರಬೇಕ್ರಿ.”

ಅವರ ಮಗಳೂ ಅದೇ ತರಗತಿಯಲ್ಲಿದ್ದಾಳೆ. “ಹಂಗಾದ್ರ ನಿಮ್ಮ ಮಗಳನ್ನ ಮುಂದಿನ ಸಾಲಿನ್ಯಾಗ ನಿಲ್ಲಸ್ತೀನ್ರಿ” ಎಂದೆ.

ಮಾಸ್ತರರು ಥಟ್ಟನೆ ಕುರ್ಚಿಯಿಂದ ಎದ್ದರು. “ಆಕಿ ಬ್ಯಾಡ್ರಿ ಮೇಡಂ. ಆಕಿಗಿ ತೆಲುಗು ತಿಳೀತದ.”

ಮಕ್ಕಳಿಗೆ ಬೇರೆ ಹಾಡು ಹುಡುಕುತ್ತಿದ್ದೇನೆ. ಆಲ್ಬಮ್ಮಿದ್ದ ಪೆನ್‌ಡ್ರೈವ್ ಮಾತ್ರ ಮಾಸ್ತರರ ಜೇಬಿನಲ್ಲಿ ಅವರ ಮನೆಗೆ ಹೋಗಿದೆ, ಇನ್ನೊಮ್ಮೆ ಸರಿಯಾಗಿ ಪರಿಶೀಲಿಸುತ್ತಾರಂತೆ.