ಥೈರಾಯ್ಡ್ ಜಾಸ್ತಿ

ನಾಗಸಂದ್ರದ ಟೀ ಅಂಗಡಿಯಲ್ಲಿ ಲೋಟ ಖಾಲಿಯಾಗುವಷ್ಟರಲ್ಲಿ ‘ಜಾಸ್ತಿ’ ಎಂಬ ಪದ ಹಲವು ಸಲ ಕಿವಿಗೆ ಬೀಳುತ್ತದೆ. ಬಿಸಿಲು ಜಾಸ್ತಿ, ಬಾಡಿಗೆ ಜಾಸ್ತಿ, ಸಕ್ಕರೆ ಜಾಸ್ತಿ. ಕಾಯಿಲೆಗಳಿಗೂ ಇದೇ ವಿಶೇಷಣ: ಬಿಪಿ ಜಾಸ್ತಿ, ಥೈರಾಯ್ಡ್ ಜಾಸ್ತಿ. ‘ಅಧಿಕ’, ‘ಹೆಚ್ಚು’ ಮೊದಲಾದ ಸಭ್ಯ ಪದಗಳು ಪುಸ್ತಕಗಳಲ್ಲಿ ಕುಳಿತು ಆಕಳಿಸುತ್ತಿದ್ದರೆ, ಇಲ್ಲಿ ಮೂರೂ ಪಾಳಿ ದುಡಿಯುವುದು ಈ ಎರವಲು ಪದವೇ. ಕನ್ನಡ ಮೇಷ್ಟ್ರಾದ ನನಗೂ ಅದರ ಮೇಲೆ ದೂರಿರಲಿಲ್ಲ. ಆದರೆ ಕಳೆದ ಬೇಸಗೆಯಲ್ಲಿ ಅದು ನನ್ನ ಅಕ್ಕನನ್ನು ಕೊಂಡೊಯ್ಯುವುದರಲ್ಲಿತ್ತು.

ಅಕ್ಕ ಸರೋಜ ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್. ಕತ್ತಿನ ಥೈರಾಯ್ಡ್ ಗ್ರಂಥಿ ಸೋಮಾರಿಯಾದದ್ದರಿಂದ ದಿನಾ ಬೆಳಗ್ಗೆ ಒಂದು ಮಾತ್ರೆ ನುಂಗುತ್ತಿದ್ದಳು. ಒಮ್ಮೆ ರಕ್ತಪರೀಕ್ಷೆಯ ವರದಿಯಲ್ಲಿ ಟಿಎಸ್‌ಎಚ್ ಎಂಬುದರ ಮುಂದೆ ‘ಹೈ’ ಎಂದು ಬಂತು.

“ನೋಡೋ, ಥೈರಾಯ್ಡ್ ಜಾಸ್ತಿ ಆಗ್ಬಿಟ್ಟಿದೆ. ಎಲ್ಲಾ ಈ ಮಾತ್ರೆಯಿಂದ್ಲೇ ಕಣೋ” ಎಂದು ಮಾತ್ರೆ ನಿಲ್ಲಿಸಿಬಿಟ್ಟಳು. ಸಾರಿಗೆ ಉಪ್ಪು ಜಾಸ್ತಿಯಾದ ಮೇಲೆ ಮತ್ತೆ ಉಪ್ಪು ಹಾಕುವವರುಂಟೆ? ವಾಕ್ಯದಲ್ಲಿ ಕರ್ತೃ ಯಾವುದೆಂದು ಮಕ್ಕಳನ್ನು ಕಾಡುವ ನಾನೂ, ಜಾಸ್ತಿಯಾದದ್ದು ಏನು ಎಂದು ಕೇಳಲಿಲ್ಲ.

ಆಮೇಲೆ ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ಮೊದಲು ಅವಳ ದನಿ ಒಡೆಯಿತು. ನಿಧಾನವಾಗಿ ಮುಖ ಊದಿತು. ಏಪ್ರಿಲ್ಲಿನ ಮಧ್ಯಾಹ್ನ ಸ್ವೆಟರ್ ತೊಟ್ಟು ಕುಳಿತಳು. ಒಂದು ಭಾನುವಾರ ಊಟಕ್ಕೆ ಕೂತವಳು ತುತ್ತು ಕೈಯಲ್ಲಿರುವಂತೆಯೇ ನಿದ್ದೆಹೋದಳು. ಕೂಗಿದೆ, ಅಲುಗಿಸಿದೆ. ಕಣ್ಣು ತೆರೆದು ಮತ್ತೆ ಮುಚ್ಚಿದಳು. ಮಣಿಕಟ್ಟು ತಣ್ಣಗಿತ್ತು. ನಾಡಿಯ ಒಂದು ಬಡಿತ ಬಂದು ಇನ್ನೊಂದು ಬರುವ ತನಕ ನಾನು ಉಸಿರಾಡಲಿಲ್ಲ.

ಆಸ್ಪತ್ರೆಯಲ್ಲಿ ಅವಳು ಉಳಿದಳು. ಎದ್ದು ಕೂರುವಂತಾದ ಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿಯಿದೆ. ಅದು ರಕ್ತಕ್ಕೆ ಬಿಡುವ ಕರೆಯೇ ಟಿಎಸ್‌ಎಚ್. ಯಕೃತ್ತು, ಮೂತ್ರಪಿಂಡ ಎಲ್ಲರ ಬಾಗಿಲ ಮುಂದೂ ಹಾದುಹೋಗುವ ಆ ಕರೆಗೆ ಮುಖ್ಯವಾಗಿ ಓಗೊಡುವುದು ಥೈರಾಯ್ಡ್. ಕರೆಯನ್ನು ಆಲಿಸುವ ಕಿವಿಗಳು ಅದರ ಜೀವಕೋಶಗಳಿಗಿವೆ. ಓಗೊಟ್ಟ ಥೈರಾಯ್ಡ್ ತನ್ನದೇ ಹಾರ್ಮೋನನ್ನು ಹೊರಡಿಸುತ್ತದೆ. ಅದು ಮೈಯ ಹೆಚ್ಚುಕಡಿಮೆ ಎಲ್ಲೆಡೆಗೂ ಬೇಕು, ಆದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥದಲ್ಲಿ: ಹೃದಯಕ್ಕೆ ವೇಗವಾಗಿ, ಚರ್ಮಕ್ಕೆ ಬಿಸುಪಾಗಿ, ಕರುಳಿಗೆ ಚಲನೆಯಾಗಿ, ಮೆದುಳಿಗೆ ಎಚ್ಚರವಾಗಿ. ಈ ಹಾರ್ಮೋನು ಕಡಿಮೆಯಾದರೆ ಪಿಟ್ಯುಟರಿ ಇನ್ನಷ್ಟು ಕೂಗುತ್ತದೆ. ಆ ಕೊರತೆ ತುಂಬಲು ಹಾರ್ಮೋನನ್ನೇ ಮಾತ್ರೆಯಾಗಿ ಕೊಡುತ್ತಾರೆ; ಅಕ್ಕನಿಗೆ ಇದ್ದ ಮಾತ್ರೆಯೇ ಸಾಲುತ್ತಿರಲಿಲ್ಲ. ಅವಳು ಅದನ್ನೂ ಬಿಟ್ಟಿದ್ದಳು.

“ರಿಪೋರ್ಟಲ್ಲಿ ಜಾಸ್ತಿ ಇದ್ದಿದ್ದು ಕೆಲಸ ಅಲ್ಲಮ್ಮ, ಕೂಗಾಟ” ಎಂದರು ಡಾಕ್ಟರಮ್ಮ.

ಅಕ್ಕ ಒಡಕು ದನಿಯಲ್ಲೇ ನಕ್ಕಳು. “ಓಹ್, ನಮ್ಮ ಲೈನ್ ಸೂಪರ್‌ವೈಸರ್ ಥರ ಅನ್ನಿ! ಪೀಸ್ ಕಮ್ಮಿ ಆದಷ್ಟೂ ಅವನ ಬಾಯಿ ಜಾಸ್ತಿ. ಮೊದ್ಲೇ ಹಿಂಗೆ ಹೇಳ್ಬಾರ್ದಿತ್ತಾ ಮೇಡಂ?”

ಈಗ ರಜಾದಿನಗಳಲ್ಲಿ ಅಕ್ಕನೂ ನನ್ನ ಜೊತೆ ಟೀ ಅಂಗಡಿಗೆ ಬರುತ್ತಾಳೆ. ಮೊನ್ನೆ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು, “ನಂಗೂ ಥೈರಾಯ್ಡ್ ಜಾಸ್ತಿ ಕಣ್ರೀ” ಎಂದರು. ಅಕ್ಕ ಲೋಟ ಕೆಳಗಿಟ್ಟಳು.

“ಏನ್ ಜಾಸ್ತಿ ಅಂತ ಕೇಳಿದ್ರಾ? ಕೆಲ್ಸಾನೋ ಕೂಗಾಟಾನೋ? ಡಾಕ್ಟ್ರನ್ನ ಕೇಳ್ದೆ ಮಾತ್ರೆಗಿತ್ರೆ ಬಿಟ್ಟೀರಾ, ಹುಷಾರು!”

ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿಯುತ್ತಿದ್ದವರೂ ತಿರುಗಿ ನೋಡಿದರು. ಅವಳ ದನಿ ಮರಳಿದೆ. ಮೊದಲಿಗಿಂತ ತುಸು ಜಾಸ್ತಿಯೇ. ಕಡಿಮೆ ಮಾಡು ಎಂದು ನಾನು ಹೇಳಲಿಲ್ಲ.