ಸಿಪ್ಪೆ ಬಿಡದ ಗೋಧಿ

ಡೆಲ್ಫಿನಾ ತನ್ನ ಅತ್ತೆಯನ್ನು ಮೊದಲು ಕಂಡದ್ದು ಆಗಸ್ಟ್ ತಿಂಗಳ ಒಂದು ಬೆಳಗ್ಗೆ, ಮಳೆನಾಡಾದ ಅಸ್ತೂರಿಯಾಸದ ಬೆಟ್ಟದಿಳಿಜಾರಿನ ಹೊಲದಲ್ಲಿ. ಅತ್ತೆ ಎತೆಲ್‌ವಿನಾಳ ಕೈಯಲ್ಲಿ ಕುಡುಗೋಲಿರಲಿಲ್ಲ. ಒಂದು ತುದಿಗೆ ದಾರ ಕಟ್ಟಿದ ಎರಡು ಕೋಲುಗಳ ನಡುವೆ ತೆನೆಗಳನ್ನು ಸಿಕ್ಕಿಸಿ, ಸರ್ರನೆ ಮೇಲಕ್ಕೆಳೆದು ಬುಟ್ಟಿಗೆ ಉದುರಿಸುತ್ತಿದ್ದಳು. ಹುಲ್ಲು ನಿಂತಲ್ಲೇ ನಿಂತಿತ್ತು. ತಲೆಗೆ ಕಪ್ಪು ವಸ್ತ್ರ, ಕಾಲಿಗೆ ಮರದ ಮೆಟ್ಟು, ಮೂಗಿನ ತುದಿಯಲ್ಲೊಂದು ಬೆವರ ಹನಿ.

"ಏನತ್ತೆ, ಗೋಧಿಗೆ ತಲೆ ಬಾಚ್ತಿದ್ದೀರಾ?" ಹೊಸ ಸೊಸೆ ನಕ್ಕಳು.

"ಬಾರಮ್ಮ, ಬಯಲುಸೀಮೆ ರಾಣಿ! ನಿಮ್ಮ ಕಸ್ತೀಲಿಯಾದಲ್ಲಿ ಕುಯ್ಲು ಮುಗಿಯೋವರೆಗೂ ಬಿಸಿಲು ಕಾಯುತ್ತೆ. ಇಲ್ಲಿ ಮಳೆ ಕೇಳ್ಕೊಂಡು ಬರಲ್ಲ. ಮೊದಲು ತೆನೆ ಮನೆ ಸೇರ್ಲಿ, ಹುಲ್ಲು ಬೇಕಾದ್ರೆ ನೆನೀಲಿ."

ನವೆಂಬರಿನಲ್ಲಿ ಅತ್ತೆ ದನದ ಸಂತೆಗೆ ಹೋದ ದಿನ, ಸೊಸೆ ಅವಳನ್ನು ಮೆಚ್ಚಿಸಲು ಹೊರಟಳು. ಕಲ್ಲುಕಂಬಗಳ ಮೇಲಿನ ಕಣಜದಿಂದ ಬಿತ್ತನೆಯ ಗೋಧಿ ಇಳಿಸಿದಳು. ಕಾಳಿಗೆಲ್ಲ ಒರಟು ಸಿಪ್ಪೆ ಅಂಟಿತ್ತು. ಅವಳ ತವರಿನಲ್ಲಿ ಗೋಧಿ ಬೆತ್ತಲೆ ಕಾಳಾಗಿಯೇ ಮಣ್ಣಿಗೆ ಬೀಳುತ್ತದೆ. ಹಾಗಾಗಿ ಗಿರಣಿಯಲ್ಲಿ ಸಿಪ್ಪೆ ಬಿಡಿಸಿ, ಹೊಳೆಯುವ ಕಾಳನ್ನು ಇಡೀ ಹೊಲಕ್ಕೆ ಬಿತ್ತಿಬಂದಳು.

ಇಪ್ಪತ್ತು ದಿನ ಮಳೆ ಬಿಡಲಿಲ್ಲ. ಹಸಿರೂ ಏಳಲಿಲ್ಲ. ಅತ್ತೆ ಮಣ್ಣು ಕೆದಕಿದಾಗ ಕಾಳು ಗಂಜಿಯಂತೆ ಬೆರಳಿಗೆ ಮೆತ್ತಿಕೊಂಡಿತು. ಡೆಲ್ಫಿನಾ ಅಳುತ್ತ ಎಲ್ಲ ಹೇಳಿದಳು.

"ಅಯ್ಯೋ ಹುಚ್ಚಿ, ಕಂಬಳಿ ಕಿತ್ಕೊಂಡು ಮಳೇಲಿ ಮಲಗಿಸಿದ್ಯಲ್ಲೇ ಅದನ್ನ!" ಎಂದಳು ಎತೆಲ್‌ವಿನಾ. ಆಮೇಲೆ ಕಣಜ ಹತ್ತಿ ಉಳಿದದ್ದನ್ನು ನೋಡಿದಳು.

ಊರವರೆಲ್ಲ ಎಂದೋ ಮೆಕ್ಕೆಜೋಳಕ್ಕೆ, ಹುಲ್ಲುಗಾವಲಿಗೆ ತಿರುಗಿದ್ದರು. ಆ ಗೋಧಿಯ ಬೀಜ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಕಣಜದಲ್ಲಿ ಉಳಿದಿದ್ದದ್ದು ಒಂದೇ ಬುಟ್ಟಿ, ಊರ ಸಂತನ ಹಬ್ಬದ ರೊಟ್ಟಿಗೆಂದು ಎತ್ತಿಟ್ಟದ್ದು. ನಲವತ್ತು ವರ್ಷಗಳಲ್ಲಿ ಎತೆಲ್‌ವಿನಾ ಒಮ್ಮೆಯೂ ಆ ರೊಟ್ಟಿ ತಪ್ಪಿಸಿರಲಿಲ್ಲ.

ಮರುದಿನ ಅವಳು ಆ ಬುಟ್ಟಿ ತಂದು ಸೊಸೆಯ ಸೊಂಟಕ್ಕಿಟ್ಟಳು. "ಹೂಂ, ಬಿತ್ತು. ಸಿಪ್ಪೆ ಮುಟ್ಟಿದ್ಯೋ, ಆ ಕೋಲುಗಳ ನಡುವೆ ನಿನ್ನ ಕೈನೇ ಸಿಕ್ಕಿಸ್ತೀನಿ."

ಹಬ್ಬದ ದಿನ ಅವಳು ಇಗರ್ಜಿಗೆ ಒಯ್ದದ್ದು ಮೆಕ್ಕೆಜೋಳದ ರೊಟ್ಟಿ. ನೆರೆಯ ಬಾಲ್ಬಿನಾ ಸುಮ್ಮನಿರಲಿಲ್ಲ. "ಏನೇ, ಗೋಧಿ ಇಲಿ ತಿಂತಾ?"

ಡೆಲ್ಫಿನಾ ತಲೆ ತಗ್ಗಿಸಿದಳು.

"ಇಲಿ ಎಲ್ಲಿಂದ ಬಂತು? ಮನೆಗೆ ಹೊಸ ಸೊಸೆ ಬಂದಿದ್ದಾಳೆ, ರೊಟ್ಟಿನೂ ಹೊಸದಿರ್ಲಿ ಅಂತ ನಾನೇ ಮಾಡ್ದೆ," ಎಂದು ಅತ್ತೆ ಅವಳ ತೋಳು ಹಿಡಿದುಕೊಂಡಳು.

ಮುಂದಿನ ಆಗಸ್ಟಿನಲ್ಲಿ ಆ ಒಂದು ಬುಟ್ಟಿ ಹನ್ನೊಂದಾಯಿತು. ಕೋಲು ಹಿಡಿದವಳು ಡೆಲ್ಫಿನಾ.

ಎತೆಲ್‌ವಿನಾಗೆ ಈಗ ಎಂಬತ್ತಮೂರು. ಬಗ್ಗಿ ಕೆಲಸ ಮಾಡಲಾಗದು. ಕಣಜದ ಮೆಟ್ಟಿಲ ಮೇಲೆ ಕೂತು ಬಿತ್ತನೆಯ ಗೋಧಿ ಆರಿಸುತ್ತಾಳೆ, ಸಿಪ್ಪೆಯ ಸಮೇತ.