ಹುಲ್ಲಪ್ಪ ಕೊಡದ ಟಗರು

ಹುಲ್ಲಪ್ಪನ ಪರಿಚಯವಾದದ್ದೇ ಅವನು ನನ್ನ ಮೇಲೆ ರೇಗಿದಾಗ. ಕೆರೂರಿನ ಹತ್ತಿರದ ಅವನ ಊರಿಗೆ ಕುರಿಗಳಿಗೆ ಲಸಿಕೆ ಹಾಕಲು ಹೋಗಿದ್ದ ದನದ ಡಾಕ್ಟರು ನಾನು. ಒಂದು ಕುರಿಯ ಕಿವಿ ಹಿಡಿದೆಳೆದೆನೆಂದು, ನಿಮ್ಮ ಕಿವಿ ಹೀಗೆ ಎಳೆದರೆ ಸುಮ್ಮನಿರುತ್ತೀರಾ ಎಂದು ಕೇಳಿದ್ದ. ನಲವತ್ತು ವರ್ಷ ಕುರಿ ಕಾಯ್ದವನು. ಹಿಂಡಿನಲ್ಲಿ ಒಂದು ಕೆಮ್ಮಿದರೂ ಯಾವುದೆಂದು ತಿರುಗಿ ನೋಡದೆಯೇ ಹೇಳುತ್ತಿದ್ದ. ಅಂಥವನೂ ಒಂದು ಟಗರಿನ ವಿಷಯದಲ್ಲಿ ಎಡವಿದ.

ಹಾವು ಕಚ್ಚಿ ಅವನು ನವನಗರದ ದವಾಖಾನೆಯಲ್ಲಿ ಮಲಗಿದ್ದಾಗ ಹೆಂಡತಿ ರಾಮವ್ವ ಹರಕೆ ಹೊತ್ತಳು: ಗಂಡ ಬದುಕಿ ಬಂದರೆ ಊರದೇವರು ಬೀರಪ್ಪನ ಹೆಸರಿನಲ್ಲಿ ಟಗರು ಬಿಡುತ್ತೇನೆ. ಗಂಡ ಬದುಕಿದ, ಟಗರು ಬಿಟ್ಟಳು. ಮರುವರ್ಷ ರಾಮವ್ವನೇ ತೀರಿಹೋದಳು. ಆಮೇಲೆ ದಿನಾ ಬೆಳಿಗ್ಗೆ ಆ ಟಗರಿನ ಮುಖ ನೋಡದೆ ಹುಲ್ಲಪ್ಪ ಚಹಾ ಕುಡಿಯುತ್ತಿರಲಿಲ್ಲ.

ದೇವರಿಗೆ ಬಿಟ್ಟ ಟಗರನ್ನು ಯಾರೂ ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ. ಊರೆಲ್ಲ ಅದರದೇ. ಅಮಾವಾಸ್ಯೆಗೆ ಮನೆಮನೆಯಿಂದ ಅದಕ್ಕೆ ಎಡೆ. ಹಿಂದೆ ಮುತ್ತುಗದ ಎಲೆಯಲ್ಲಿ ಇಡುತ್ತಿದ್ದರು. ಈಗ ಭಕ್ತಿಗೂ ಅವಸರ. ಹೋಳಿಗೆ, ಅನ್ನವನ್ನು ಕ್ಯಾರಿಬ್ಯಾಗಿಗೆ ಸುರಿದು, ಗಂಟು ಹಾಕಿ, ಅದರ ಮುಂದೆ ಎಸೆದು ಕೈಮುಗಿದರೆ ಮುಗಿಯಿತು. ಗಂಟು ಬಿಚ್ಚುವಷ್ಟು ಪುರುಸೊತ್ತು ಮನುಷ್ಯರಿಗೇ ಇಲ್ಲದಿದ್ದರೆ ಟಗರು ಬಿಚ್ಚೀತೇ?

ಒಮ್ಮೆ ಸೊಸೆ ರಾಜಶ್ರೀ ಅದರ ಬಾಯಿಂದ ಚೀಲ ಎಳೆಯಲು ಹೋದಳು. ಹುಲ್ಲಪ್ಪ ಓಡಿಬಂದು ಅವಳ ಕೈ ಸರಿಸಿದ.

"ದೇವರ ಬಾಯಾಗಿಂದು ಕಸಗೋಬಾರದವ್ವಾ. ಮನಿಗೆ ಒಳ್ಳೇದಲ್ಲ."

ಕಳೆದ ಶ್ರಾವಣದಲ್ಲಿ ಟಗರು ಮೇವು ಬಿಟ್ಟಿತು, ಹೊಟ್ಟೆ ಉಬ್ಬಿತು. ಬೇರೆ ಕುರಿಯಾಗಿದ್ದರೆ ಆಗಲೇ ನನಗೆ ಫೋನ್ ಮಾಡುತ್ತಿದ್ದ. ಇದು ದೇವರದು, ದೇವರೇ ನೋಡಿಕೊಳ್ಳುತ್ತಾನೆ ಎಂದು ಅದರ ಹೊಟ್ಟೆಗೆ ಗುಡಿಯ ಅರಿಶಿನ, ಭಂಡಾರ ಹಚ್ಚುತ್ತ ಮೂರು ದಿನ ಪಕ್ಕದಲ್ಲೇ ಕೂತ. ನಾಲ್ಕನೆಯ ದಿನ ರಾಜಶ್ರೀ ನನ್ನನ್ನು ಕರೆಸಿದಳು. ಹೊಟ್ಟೆ ಕೊಯ್ಯುತ್ತಿರುವಾಗಲೇ ಅದರ ಉಸಿರು ನಿಂತಿತು.

ಒಳಗಿನಿಂದ ತೆಗೆದದ್ದು ಒಂದು ಬುಟ್ಟಿ ತುಂಬಿತು. ಕರಿ ಚೀಲ, ಬಿಳಿ ಚೀಲ, ಗುಟ್ಕಾ ಚೀಟಿ, ಭಂಡಾರದ ಪಾಕೀಟು. ಕೆಲವು ಚೀಲಗಳ ಗಂಟು ಹಾಗೆಯೇ ಇತ್ತು. ನನಗೆ ಹೇಸಿಗೆಗಿಂತ ಸಿಟ್ಟೇ ಹೆಚ್ಚು ಬಂತು. ಹುಲ್ಲಪ್ಪ ಬುಟ್ಟಿ ನೋಡಿ ಸೊಸೆಗೆ ಹೇಳಿದ:

"ನೀ ಉಳಸಾಕ ಹೋಗಿದ್ದಿ. ನಾನs ಕೊಂದೆ."

ಊರವರು ಡೊಳ್ಳು ಬಾರಿಸಿ ಟಗರನ್ನು ಮಣ್ಣು ಮಾಡಿದರು. ಹೂವು, ಕಾಯಿ ತಂದ ಚೀಲಗಳನ್ನು ಅಲ್ಲೇ ಬಿಸಾಕಿ ಹೋದರು. ಇವರಿಗೆ ಏನು ಹೇಳಿ ಏನು ಪ್ರಯೋಜನ?

ಎಂಟು ದಿನಕ್ಕೆ ಹಿರಿಯರು ಗುಡಿಯ ಕಟ್ಟೆಯ ಮೇಲೆ ಸೇರಿ, ದೇವರ ಟಗರಿಲ್ಲದ ಊರು ಹೇಗಾದೀತು, ನಿನ್ನ ಹಿಂಡಿನಿಂದ ಒಂದನ್ನು ಕೊಡು ಎಂದು ಹುಲ್ಲಪ್ಪನನ್ನು ಕೇಳಿದರು. ಅವನು ಬುಟ್ಟಿಯ ಸುದ್ದಿ ತೆಗೆದ. ಅದು ದೇವರ ಇಚ್ಛೆ ಎಂದರು.

"ಬೀರಪ್ಪ ಬೇಡಿದ್ರ ಇಡೀ ಹಿಂಡs ಕೊಡ್ತೇನಿ. ನಿಮ್ಮ ಓಣಿಗೆ ಒಂದು ಮರಿನೂ ಕೊಡೂದಿಲ್ಲ."

ತಲೆ ಕೆಟ್ಟಿದೆ ಎಂದು ಅವರು ಎದ್ದುಹೋದರು. ಬೀರಲಿಂಗ ಎಂಬ ಇನ್ನೊಬ್ಬ ಕುರಿಗಾರನ ಹಿಂಡಿನಿಂದ ಎಳೆಯ ಟಗರೊಂದನ್ನು ತಂದು ಬಿಟ್ಟರು. ಹುಲ್ಲಪ್ಪ ಮರುದಿನವೇ ಕುರಿ ಹೊಡೆದುಕೊಂಡು ಹುನಗುಂದದ ಹೊಲಗಳ ಕಡೆ ಹೋದ. ದೀಪಾವಳಿಗೂ ಬರಲಿಲ್ಲ. ರಾಜಶ್ರೀ ಫೋನ್ ಮಾಡಿ ಕರೆದರೆ ಒಂದೇ ಮಾತು ಹೇಳುತ್ತಾನಂತೆ:

"ಆ ಟಗರು ಚೀಲಾ ತಿನ್ನೂದನ್ನ ನೋಡಾಕ ನನ್ನಿಂದ ಆಗೂದಿಲ್ಲವ್ವಾ."